ಮೂವತ್ತೆರಡು ಇಂಚಿನ ಹೀರೋ ಬಂದ ವಾರ

ಜನರನ್ನು ನಗಿಸುವುದೇ ನೌಕರಿಯಾದ ಕಡೆ ಎಲ್ಲರೂ ಮುಖ ಗಂಟಿಕ್ಕಿಕೊಂಡೇ ಓಡಾಡುತ್ತಾರೆ. ನಗು ಬರುವಂಥದ್ದೆಲ್ಲ ಅವರಿಗೆ ಗೊತ್ತಿಲ್ಲದೆ ನಡೆದುಹೋಗುತ್ತದೆ. ಲಂಡನ್ನಿನ ಒಂದು ಟಿವಿ ಸ್ಟುಡಿಯೋದಲ್ಲಿ ವೇಷಭೂಷಣ ಹೊಲಿಯುತ್ತಿದ್ದ ನನಗೆ ಇದು ಎರಡೇ ತಿಂಗಳಲ್ಲಿ ಗೊತ್ತಾಗಿತ್ತು.

ನಾನು ಧಾರವಾಡದವಳು. ತೊಂಬತ್ತರ ದಶಕದ ಕೊನೆಯ ಮಾತಿದು. ಮನೆ ಲಂಡನ್ನಿನ ಅಂಚಿನ ಗ್ರೀನ್‌ಫರ್ಡ್‌ನಲ್ಲಿ, ನಮ್ಮವರು ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಸ್ಟುಡಿಯೋದಲ್ಲಿ ಒಂದು ಹಾಸ್ಯ ಕಾರ್ಯಕ್ರಮ ತಯಾರಾಗುತ್ತಿತ್ತು: ಐದೈದು ನಿಮಿಷದ ನಗೆನಾಟಕಗಳು, ನಡೆಸಿಕೊಡಲು ವಾರಕ್ಕೊಬ್ಬರು ಪ್ರಖ್ಯಾತರು. ತಡರಾತ್ರಿಯ ಶೋ ಅಂತ ಹೆಸರು, ಆದರೆ ರೆಕಾರ್ಡಿಂಗ್ ಸಂಜೆ ಆರಕ್ಕೇ. ಸಿನಿಮಾದಲ್ಲಿ ಹೆಲಿಕಾಪ್ಟರಿನಿಂದ ಜಿಗಿಯುತ್ತಿದ್ದ ಒಬ್ಬ ಹೀರೋ ನಮ್ಮಲ್ಲಿಗೆ ಬಂದ ವಾರವನ್ನು ಮಾತ್ರ ನಾನು ಮರೆಯಲಾರೆ.

ಅಳತೆ

ಹೀರೋ ಬರುವ ಮೊದಲು ಅವರ ಅಳತೆ ಫ್ಯಾಕ್ಸಿನಲ್ಲಿ ಬಂತು. ಸೊಂಟ ಮೂವತ್ತೆರಡು. ನಾನು ನಂಬಿ ನಾಲ್ಕು ಪ್ಯಾಂಟ್ ಹೊಲಿದಿಟ್ಟೆ. ಸೋಮವಾರ ಅವರು ಬಾಗಿಲಲ್ಲಿ ನಿಂತ ಕೂಡಲೇ ಆ ನಾಲ್ಕೂ ಪ್ಯಾಂಟು ನಮ್ಮ ಮಗನಿಗೆ ಆಗುತ್ತವೆ ಅಂತ ಗೊತ್ತಾಯಿತು. ಟೇಪು ತೆಗೆಯಲು ಹೋದೆ. ನಮ್ಮ ವಿಭಾಗದ ಮುಖ್ಯಸ್ಥೆ, ಮೂವತ್ತು ವರ್ಷ ಅದೇ ಕೆಲಸ ಮಾಡಿದವಳು, ನನ್ನ ಕೈ ಹಿಡಿದಳು.

"ಇಲ್ಲಿ ಸ್ಟಾರುಗಳಿಗೆ ಟೇಪು ತೋರಿಸೋದಿಲ್ಲ."

"ಮತ್ತೆ ಅಳತೆ ಹೇಗೆ?"

"ಕಣ್ಣಿನಿಂದ."

ಕಣ್ಣಿನ ಲೆಕ್ಕದಲ್ಲಿ ನಲವತ್ತು. ರಾತ್ರಿ ಬೆಳಗಾಗುವುದರೊಳಗೆ ನಲವತ್ತರ ಪ್ಯಾಂಟ್ ಹೊಲಿದು, ಹಳೆಯದರಿಂದ ಮೂವತ್ತೆರಡು ಅನ್ನುವ ಚೀಟಿ ಬಿಚ್ಚಿ ಅದಕ್ಕೆ ಹಚ್ಚಿದೆ. ಮರುದಿನ ಹೀರೋ ಅದನ್ನು ತೊಟ್ಟು ಕನ್ನಡಿ ಮುಂದೆ ಅತ್ತಿತ್ತ ತಿರುಗಿ, ಚೀಟಿ ಓದಿ, ಗಂಭೀರವಾಗಿ ಹೇಳಿದರು: "ಸ್ವಲ್ಪ ಸಡಿಲ ಆಯ್ತು. ನಾನು ತೆಳ್ಳಗಾಗಿರಬೇಕು."

ಸಂತಾಪ

ಬುಧವಾರ ಬರಹಗಾರರ ಕೋಣೆಗೆ ಹೋದೆ. ಒಂದು ನಾಟಕಕ್ಕೆ ಪೊಲೀಸರ ಟೋಪಿ ಎಷ್ಟು ಬೇಕು ಅಂತ ಕೇಳಬೇಕಿತ್ತು. ಒಳಗೆ ಆರು ಜನ ಗಂಡಸರು ಮೇಜಿನ ಸುತ್ತ ತಲೆ ತಗ್ಗಿಸಿ ಕೂತಿದ್ದರು. ಒಬ್ಬ ಹಾಳೆ ನೋಡುತ್ತ ಏನೋ ಓದಿದ. ಇನ್ನೊಬ್ಬ ನಿಟ್ಟುಸಿರು ಬಿಟ್ಟು, "ಹ್ಞೂಂ, ಇದು ನಗು ಬರೋ ಹಾಗಿದೆ," ಅಂದ. ಯಾರೂ ನಗಲಿಲ್ಲ.

ನನಗೆ ಕೇಳದೆ ಇರಲಾಗಲಿಲ್ಲ. ಮೆಲ್ಲಗೆ, "ಕ್ಷಮಿಸಿ, ಯಾರು ತೀರಿಕೊಂಡರು?" ಅಂದೆ.

ಆರೂ ಜನ ತಲೆಯೆತ್ತಿ ನನ್ನನ್ನು ನೋಡಿದರು. ಒಬ್ಬ ಪೆನ್ನು ತೆಗೆದು ಬರೆದುಕೊಂಡ. ಶನಿವಾರ ಅದೇ ಮಾತನ್ನು ಹೀರೋ ವೇದಿಕೆಯ ಮೇಲೆ ಹೇಳಿದಾಗ ಜನ ಕುರ್ಚಿ ಹಿಡಿದುಕೊಂಡು ನಕ್ಕರು. ಕಾರ್ಯಕ್ರಮದ ಕೊನೆಗೆ ಬರಹಗಾರರೆಂದು ಆರು ಹೆಸರು ಬಂದವು. ನನ್ನ ಹೆಸರೂ ಬಂತು, ಹೊಲಿಗೆಯವರ ಸಾಲಿನಲ್ಲಿ, ತಪ್ಪು ಸ್ಪೆಲಿಂಗಿನೊಂದಿಗೆ.

ಒನ್ಸ್ ಮೋರ್

ಶನಿವಾರದ ರೆಕಾರ್ಡಿಂಗಿಗೆ ನನಗೆ ಎರಡು ಪಾಸು ಸಿಕ್ಕಿದ್ದವು. ಆಗ ಮಾವನವರು ಧಾರವಾಡದಿಂದ ಬಂದು ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿದ್ದರು. ಅವರನ್ನು ಕರೆದುಕೊಂಡು ನಮ್ಮವರು ನಾಲ್ಕನೇ ಸಾಲಿನಲ್ಲಿ ಕೂತರು. ಮಾವನವರು ಕಂಪನಿ ನಾಟಕ ನೋಡಿ ಬೆಳೆದವರು. ಇಂಗ್ಲಿಷು ಅಷ್ಟಕ್ಕಷ್ಟೆ.

ಮೊದಲ ನಾಟಕದಲ್ಲಿ ಹೀರೋ ಸೈನಿಕ. ಗುಂಡು ತಗಲಿ ಬೀಳುತ್ತಾರೆ, ಭಾಷಣ ಮಾಡುತ್ತಾರೆ, ಎದ್ದು ಮತ್ತೆ ಬೀಳುತ್ತಾರೆ. ಕೊನೆಗೂ ಅವರ ಪ್ರಾಣ ಹೋದಾಗ ಮಾವನವರು ಎದ್ದು ನಿಂತು, "ಭಾರಿ ಸತ್ತಾನ! ಒನ್ಸ್ ಮೋರ್!" ಅಂತ ಗುಡುಗಿದರು.

ಆ ಸ್ಟುಡಿಯೋದಲ್ಲಿ ಯಾರು ಯಾರಿಗಿಂತ ದೊಡ್ಡವರು ಅಂತ ಯಾರಿಗೂ ಖಚಿತವಿರಲಿಲ್ಲ; ಜೋರಾಗಿ ಕೂಗಿದವರೇ ದೊಡ್ಡವರು. ವೇದಿಕೆ ನೋಡಿಕೊಳ್ಳುವ ಮ್ಯಾನೇಜರ್ ಬೆವರೊರೆಸಿಕೊಂಡು, "ಇನ್ನೊಂದು ಸಲ! ಎಲ್ಲರೂ ಜಾಗಕ್ಕೆ!" ಅಂದ. ಹೆಣವಾಗಿದ್ದ ಹೀರೋ ಎದ್ದು ಬಟ್ಟೆ ಕೊಡವಿಕೊಂಡರು. ತಮ್ಮ ನಟನೆಯನ್ನು ಇಷ್ಟು ಮೆಚ್ಚಿದವರು ಯಾರೆಂದು ಅವರ ಕಣ್ಣು ಸಭೆಯಲ್ಲೆಲ್ಲ ಹುಡುಕಿತು. ಈ ಸಲ ಪೂರ್ತಿ ಆರು ನಿಮಿಷ ತೆಗೆದುಕೊಂಡು ಸತ್ತರು.

ಮಾವನವರು ಕೂತು, ನಮ್ಮವರ ಕಿವಿಯಲ್ಲಿ ಹೇಳಿದರಂತೆ: "ಮೊದಲ್ನೇ ಸಾವೇ ಛಲೋ ಇತ್ತು ನೋಡಪಾ."

ಡಾಕ್ಟರ್ ಪಾತ್ರ

ಕೊನೆಯದು ಆಸ್ಪತ್ರೆಯ ನಾಟಕ. ಹೀರೋ ರೋಗಿ, ಅವರನ್ನು ನೋಡಲು ಒಬ್ಬ ಭಾರತೀಯ ಡಾಕ್ಟರು ಬರುತ್ತಾನೆ. ಆ ಪಾತ್ರಕ್ಕೆ ಒಬ್ಬ ಬಿಳಿಯ ನಟ. ಅವನಿಗೆ ನನ್ನಿಂದ ಏನೇನು ತಯಾರು ಮಾಡಿಸಿದರು ಗೊತ್ತೇ? ಮುತ್ತು ಹಚ್ಚಿದ ಪೇಟ, ಜರಿಯ ನಿಲುವಂಗಿ, ಚೂಪು ತುದಿಯ ಬೂಟು. ನಾನು ಮುಖ್ಯಸ್ಥೆಗೆ, "ನಮ್ಮ ಮನೆಯವರು ಇದೇ ಊರಿನ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ಡಾಕ್ಟರು. ಮರೂನ್ ಬಣ್ಣದ ಸ್ವೆಟರ್ ಹಾಕ್ಕೊಂಡು ಹೋಗ್ತಾರೆ," ಅಂದೆ.

"ಅಯ್ಯೋ ಪಾಪ," ಅಂದಳು ಆಕೆ. "ಮತ್ತೆ ರೋಗಿಗಳಿಗೆ ಗುರುತು ಹೇಗೆ ಸಿಗುತ್ತೆ?"

ನಾಟಕ ಶುರುವಾಯಿತು. ಹೀರೋ ಮಂಚದ ಮೇಲೆ ಕೂತು, ಪಕ್ಕದ ಬುಟ್ಟಿಯಿಂದ ಒಂದೊಂದೇ ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತ ಮಾತಾಡುತ್ತಿದ್ದರು. ಇದ್ದಕ್ಕಿದ್ದಂತೆ ಮಾತು ನಿಂತಿತು. ಗಂಟಲು ಹಿಡಿದುಕೊಂಡರು. ಮುಖ ಕೆಂಪಾಯಿತು. ಜನ ಹೋ ಅಂತ ನಕ್ಕರು. ಕಣ್ಣು ಹೊರಬರುವ ಹಾಗಾಯಿತು. ಜನ ಇನ್ನೂ ನಕ್ಕರು. ಕೈಯಾಡಿಸಿ ಸಹಾಯ ಬೇಡಿದರು. ಸಭೆಗೆ ಬೋರ್ಡ್ ತೋರಿಸುವವನು 'ಚಪ್ಪಾಳೆ' ಅನ್ನುವುದನ್ನು ಎತ್ತಿ ಹಿಡಿದ. ಪೇಟದ ಡಾಕ್ಟರು ಮಾತ್ರ ತನ್ನ ಸರದಿಗೆ ಕಾಯುತ್ತ, ಕೈ ಮುಗಿದುಕೊಂಡು ನಿಂತೇ ಇದ್ದ.

ನಾನು ಪರದೆಯ ಪಕ್ಕದಲ್ಲಿದ್ದೆ. ಕೂಗಲು ಬಾಯಿ ತೆರೆದೆ, ಅಷ್ಟರಲ್ಲಿ ನಾಲ್ಕನೇ ಸಾಲಿನಿಂದ ನಮ್ಮವರ ದನಿ ಬಂತು.

"ಏ, ಅಂವಗ ಖರೇನ ಉಸಿರು ಕಟ್ಟೇದ!"

ಜನರ ಕಾಲು ತುಳಿಯುತ್ತ, ಮರೂನ್ ಸ್ವೆಟರಿನಲ್ಲಿ, ವೇದಿಕೆಗೆ ಹಾರಿದರು. ಪೇಟದವನನ್ನು ಪಕ್ಕಕ್ಕೆ ನೂಕಿ, ಹೀರೋನ ಬೆನ್ನಿಗೆ ಐದು ಸಲ ಗುದ್ದಿದರು. ಆಗಲಿಲ್ಲ. ಹಿಂದಿನಿಂದ ತಬ್ಬಿ ಹಿಡಿದು, ಹೊಟ್ಟೆಗೆ ಮುಷ್ಟಿಯಿಟ್ಟು ಮೇಲಕ್ಕೆ ಎಳೆದರು. ಮೂರನೇ ಎಳೆತಕ್ಕೆ ದ್ರಾಕ್ಷಿ ಚಿಮ್ಮಿ ಪೇಟದ ಮುತ್ತಿಗೆ ಟಪ್ ಅಂತ ಬಡಿಯಿತು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೀರೋ ಅಳುತ್ತ ನಮ್ಮವರ ಹೆಗಲಿಗೊರಗಿದರು. ನಾನೂ ಅಳುತ್ತಿದ್ದೆ, ನಮ್ಮವರು ಮಾತ್ರ, "ನೀರು ತರ್ರಿ, ನೀರು," ಅಂತ ಎಲ್ಲರನ್ನೂ ಕನ್ನಡದಲ್ಲೇ ಗದರಿಸುತ್ತಿದ್ದರು.

ಸೋಮವಾರ ಬೆಳಿಗ್ಗೆ ನಿರ್ಮಾಪಕರು ಆ ರೆಕಾರ್ಡಿಂಗನ್ನು ನಮ್ಮೆಲ್ಲರೊಂದಿಗೆ ಕೂತು ನೋಡಿದರು. ದ್ರಾಕ್ಷಿ ಹಾರಿದಾಗ ತೊಡೆ ತಟ್ಟಿ ನಕ್ಕರು. ವರ್ಷದಲ್ಲೇ ಇಂಥ ಹಾಸ್ಯ ನೋಡಿಲ್ಲ, ಒಂದು ಚೂರೂ ಕತ್ತರಿಸಬೇಡಿ ಅಂದರು. ಆಮೇಲೆ ಹಣೆ ಗಂಟಿಕ್ಕಿ, ಬೆರಳಿನಿಂದ ಪರದೆ ತೋರಿಸಿದರು:

"ಈ ಸ್ವೆಟರಿನವನನ್ನು ಮಾತ್ರ ತೆಗೆದುಬಿಡಿ. ಇವನು ಭಾರತೀಯ ಡಾಕ್ಟರು ಅಂದರೆ ಯಾರು ನಂಬುತ್ತಾರೆ?"