ಕೆಂಪು ಬಾಕ್ಸಿನಲ್ಲಿ ನಮ್ಮ ಅತ್ತೆ

ಕೆಲವರಿಗೆ ಜೀವನದಲ್ಲಿ ಒಂದು ಸಲ ಮಾನ ಹೋಗುತ್ತೆ, ಅದನ್ನೇ ಸಾಯೋತನಕ ಹೇಳಿಕೊಂಡು ತಿರುಗ್ತಾರೆ. ನೈರೋಬಿಯಲ್ಲಿದ್ದಷ್ಟು ದಿನ ನನ್ನದು ವಾರದ ಲೆಕ್ಕದಲ್ಲಿ ಹೋಗ್ತಿತ್ತು. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತೆ. ಬೇರೆಯವರು ಉಪ್ಪುಖಾರ ಹಚ್ಚಿ ಹೇಳೋದಕ್ಕಿಂತ ನಾನೇ ಹೇಳಿಬಿಡೋದು ವಾಸಿ.

೧. ಬ್ರೋಕರ್ ಕೆಲಸ

ಇಸವಿ ಎರಡು ಸಾವಿರದ ಏಳೋ ಎಂಟೋ ಇರಬೇಕು. ನಮ್ಮ ಕಂಪನಿ ಜನರೇಟರನ್ನೂ ಅದರ ಕಂಟ್ರೋಲ್ ಪ್ಯಾನೆಲ್ಲನ್ನೂ ಮಾಡ್ತಿತ್ತು. ಅವುಗಳ ಪ್ರತಿ ಭಾಗಕ್ಕೂ ಕಂಪ್ಯೂಟರಿನಲ್ಲಿ ಒಂದು ಬಾಕ್ಸ್. ಆ ಭಾಗದ ಅಗತ್ಯ ಏನು, ಅದು ಯಾವುದಕ್ಕೆ ಸೇರಿಕೊಂಡಿದೆ ಅಂತೆಲ್ಲ ಅದರಲ್ಲಿ ಬರೆದಿರುತ್ತೆ. ಈ ನಕ್ಷೆಗೆ ಮಾಡೆಲ್ ಅಂತ ಹೆಸರು. ಗಿರಾಕಿಗಳ ದೂರುಗಳಿದ್ದದ್ದು ಇನ್ನೊಂದು ಸಾಫ್ಟ್‌ವೇರಿನಲ್ಲಿ. ಒಂದೊಂದು ದೂರೂ ಒಂದೊಂದು ಟಿಕೆಟ್. ಎರಡಕ್ಕೂ ಮಾತುಕತೆಯೇ ಇಲ್ಲ. ಯಾವ ದೂರು ಯಾವ ಬಾಕ್ಸಿಗೆ ಸೇರಿದ್ದು ಅಂತ ಜೋಡಿಸೋಕೆ ನನ್ನನ್ನ ಬೆಂಗಳೂರಿನಿಂದ ನೈರೋಬಿಗೆ ಕಳಿಸಿದ್ದರು.

ಆಗ ತಾನೇ ನಮ್ಮ ಅತ್ತೆ ಮೈಸೂರಿನಿಂದ ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟಿಗೆ ಬಂದಿದ್ದರು, ಆರು ತಿಂಗಳು ಇದ್ದುಹೋಗೋಕೆ. ರಿಟೈರಾದ ಹೆಡ್‌ಮಿಸ್ಟ್ರೆಸ್ಸು. ಅವರಿಗೆ ನನ್ನ ಕೆಲಸವನ್ನ ಅರ್ಧ ಗಂಟೆ ವಿವರಿಸಿದೆ.

"ಅಂದ್ರೆ ಪರಿಚಯವಿಲ್ಲದ ಎರಡು ಕಡೆಯವರಿಗೆ ಗಂಟು ಹಾಕೋದು. ಆಮೇಲೆ ಏನು ಕೆಟ್ಟರೂ ಬೈಗುಳ ನಿಮಗೆ," ಅಂದರು.

"ಹೂಂ ಅತ್ತೆ."

"ಮದುವೆ ಬ್ರೋಕರ್ ಕೆಲಸ ಅನ್ನಿ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿತ್ತಾ ಅಳಿಯಂದಿರೇ?"

೨. ಮಂಕು ಬಲ್ಬು

ಬಾಕ್ಸಿನಲ್ಲಿ ಏನಾದರೂ ಬದಲಾದರೆ ಒಂದು ಟಿಕೆಟ್ ಹುಟ್ಟಬೇಕು ಅಂತ ಕೊಂಡಿ ಹಾಕಿದೆ. ಟಿಕೆಟ್ ಹುಟ್ಟಿದರೆ ಬಾಕ್ಸಿನಲ್ಲಿ ಗುರುತು ಬೀಳಬೇಕು ಅಂತ ಇನ್ನೊಂದು ಕೊಂಡಿ. ಗುರುತು ಬಿದ್ದರೂ ಬಾಕ್ಸ್ ಬದಲಾದ ಹಾಗೇ ತಾನೇ? ಅದು ನನಗೆ ಹೊಳೀಲಿಲ್ಲ. ಆಫೀಸಿನ ಹಿಂದಿದ್ದ ನಮ್ಮದೇ ಜನರೇಟರಿನ ಪ್ಯಾನೆಲ್ಲಿನಲ್ಲಿ ಒಂದು ಬಲ್ಬ್ ಮಂಕಾಗಿದೆ ಅಂತ ಯಾರೋ ದೂರು ಕೊಟ್ಟರು. ಟಿಕೆಟ್ಟಿಗೊಂದು ಗುರುತು, ಗುರುತಿಗೊಂದು ಟಿಕೆಟ್ಟು. ಊಟದ ಹೊತ್ತಿಗೆ ಇಡೀ ಆಫೀಸಿನ ಮೇಲ್ ತುಂಬಿ ಸರ್ವರ್ ಮಲಗಿಬಿಟ್ಟಿತು.

ಪಕ್ಕದ ಸೀಟಿನಲ್ಲಿ ಕೂರ್ತಿದ್ದ ಕೀನ್ಯಾದ ಇಂಜಿನಿಯರಮ್ಮ, ನನಗಿಂತ ಸೀನಿಯರು, "ಪೋಲೆ ಸಾನಾ" ಅಂದರು. ಸ್ವಾಹಿಲಿಯಲ್ಲಿ, ಪಾಪ, ಹೀಗಾಗಬಾರದಿತ್ತು ಅಂತ. ಸಾವಿನ ಮನೆಯಲ್ಲೂ ಅದನ್ನೇ ಹೇಳ್ತಾರೆ. ಆಮೇಲೆ ಎದ್ದು ಹೋಗಿ ಆ ಬಲ್ಬ್ ಬದಲಾಯಿಸಿ ಬಂದು ಕೂತರು.

"ಬಲ್ಬಿಗೆ ಎರಡು ನಿಮಿಷ ಹಿಡೀತು. ನಿನ್ನ ಟಿಕೆಟ್ ಅಳಿಸೋಕೆ ಎರಡು ದಿನ ಬೇಕು."

೩. ಮುಥೈಗಾದ ಬಾಗಿಲು

ಮುಂದಿನ ವಾರ ಎಲ್ಲ ಭಾಗಗಳ ಪಟ್ಟಿಯನ್ನ ಒಟ್ಟಿಗೇ ಒಳಗೆ ತುಂಬಿಸಿದೆ. ಪಟ್ಟಿಯ ತಲೆಬರಹವನ್ನೂ ಕಂಪ್ಯೂಟರು ಒಂದು ಭಾಗ ಅಂತ ಲೆಕ್ಕ ಹಿಡೀತು. ಅಲ್ಲಿಗೆ ಎಲ್ಲ ದೂರುಗಳೂ ಒಂದೊಂದು ಮನೆ ಪಕ್ಕಕ್ಕೆ ಸರಿದವು.

ಮುಥೈಗಾ ಅನ್ನೋ ಶ್ರೀಮಂತರ ಬಡಾವಣೆಯ ಒಂದು ಬಂಗಲೆಯಲ್ಲಿ ಡೀಸೆಲ್ ಪೈಪ್ ಸೋರ್ತಿತ್ತು. ನನ್ನ ಜೋಡಣೆ ನಂಬಿಕೊಂಡು ಇಂಜಿನಿಯರಮ್ಮ ಹೊಸ ಬಾಗಿಲ ಹಿಡಿ ತಗೊಂಡು ಹೋದರು, ಜನರೇಟರಿನ ಪೆಟ್ಟಿಗೆಗೆ ಹಾಕಿ ಬಂದರು. ಬಂಗಲೆಯ ಯಜಮಾನಿ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದರು: "ಬಹಳ ಉಪಕಾರವಾಯ್ತು. ಈಗ ಬಾಗಿಲು ಸಲೀಸಾಗಿ ತೆಗೆದು ಡೀಸೆಲ್ ಸೋರೋದು ನೋಡಬಹುದು."

೪. ಕೆಂಪು ಬಾಕ್ಸು

"ಅಪ್ಪಾ ಮಾರಾಯ, ಇನ್ಮೇಲೆ ನಿನ್ನ ಪ್ರಯೋಗ ನಮ್ಮ ಮಾಡೆಲ್ ಮೇಲೆ ಬೇಡ. ಬೇರೆ ಯಾವುದಾದರೂ ಮಾಡ್ಕೋ," ಅಂತ ಮ್ಯಾನೇಜರು ಕೈ ಮುಗಿದರು.

ಸರಿ, ನಮ್ಮನೇದೇ ಒಂದು ಮಾಡೆಲ್ ಮಾಡಿದೆ. ಅಗತ್ಯ ಬರೆಯದ ಬಾಕ್ಸ್ ಕೆಂಪಾಗಬೇಕು, ಅದನ್ನ ನೋಡಿಕೊಳ್ಳೋರಿಗೆ ಇಡೀ ಪಟ್ಟಿಯ ಸಮೇತ ತಾನಾಗೇ ಮೇಲ್ ಹೋಗಬೇಕು. ಅದೇ ಪರೀಕ್ಷೆ. ನೋಡಿಕೊಳ್ಳೋರು ಅನ್ನೋ ಜಾಗದಲ್ಲಿ ಹೆಂಡತಿಯ ಮೇಲ್ ವಿಳಾಸ ಹಾಕಿದೆ. ಗೀಸರ್: ಅಗತ್ಯ, ಬಿಸಿನೀರು. ಮಿಕ್ಸಿ: ಅಗತ್ಯ, ಚಟ್ನಿ. ಅತ್ತೆ ಅಂತ ಒಂದು ಬಾಕ್ಸ್ ಬರೆದೆ, ಅಷ್ಟರಲ್ಲಿ ಊಟದ ಹೊತ್ತಾಯ್ತು. ಹಾಗೇ ಬಿಟ್ಟು ಎದ್ದೆ. ಎದ್ದದ್ದು ಯಾಕೆ ಅಂತೀರಿ? ಅತ್ತೆ ಕಳಿಸಿದ್ದ ಕ್ಯಾರಿಯರ್ ಬಿಚ್ಚೋಕೆ! ದಿನಾ ನನಗೆ, ಇಂಜಿನಿಯರಮ್ಮನಿಗೆ, ಮ್ಯಾನೇಜರಿಗೆ ಅಂತ ಮೂವರಿಗಾಗುವಷ್ಟು ಕಳಿಸ್ತಿದ್ದರು ಪುಣ್ಯಾತ್ಗಿತ್ತಿ.

ಹೆಂಡತಿಯ ಮೇಲ್ ದಿನಾ ಓದ್ತಿದ್ದದ್ದು ಅತ್ತೆಯೇ, ಮೈಸೂರಿನ ಮೊಮ್ಮಗನ ಫೋಟೋ ಬಂದಿದೆಯಾ ಅಂತ. ಸಂಜೆ ಮನೆಗೆ ಹೋದರೆ ಹಾಲಿನ ಮಧ್ಯೆ ಅವರ ಸೂಟ್‌ಕೇಸು ಬಾಯಿ ತೆರೆದುಕೊಂಡು ಕೂತಿತ್ತು.

"'ಅತ್ತೆ. ಈ ಭಾಗಕ್ಕೆ ಯಾವ ಅಗತ್ಯವೂ ಇಲ್ಲ. ತೆಗೆದುಹಾಕಬಹುದೇ ಪರಿಶೀಲಿಸಿ,'" ಅಂತ ಅವರು ಬಾಯಿಪಾಠ ಒಪ್ಪಿಸಿದರು. "ಪರಿಶೀಲಿಸಿದೆ ಅಳಿಯಂದಿರೇ. ಶನಿವಾರ ವಿಮಾನ ಇದೆಯಂತೆ."

"ರೀ, ಗೀಸರ್‌ಗೂ ಅಗತ್ಯ ಇದೆ, ನಮ್ಮಮ್ಮನಿಗಿಲ್ವಾ?" ಅಂತ ಹೆಂಡತಿ ಅತ್ತಳು.

ಎಷ್ಟು ವಿವರಿಸಿದರೂ ಬಾಯಿಂದ ಬಂದದ್ದೆಲ್ಲ ಸುಳ್ಳಿನ ಹಾಗೇ ಕೇಳ್ತಿತ್ತು. ನಿಜವಾಗಿ ನಾಚಿಕೆಯಾಗಿದ್ದು ಬೇರೆ ವಿಷಯಕ್ಕೆ. ಎರಡು ತಿಂಗಳು ಅವರ ಕೈಯೂಟ ಉಂಡಿದ್ದೆ, ಒಂದು ದಿನವೂ ಚೆನ್ನಾಗಿದೆ ಅಂದಿರಲಿಲ್ಲ.

ಮಾರನೇ ದಿನ ಕ್ಯಾರಿಯರ್ ಇಲ್ಲ. ಇಂಜಿನಿಯರಮ್ಮನ ಮುಂದೆ ತಪ್ಪೊಪ್ಪಿಕೊಂಡೆ. ಈ ಸಲ ನನಗೆ ಪೋಲೆ ಸಿಗಲಿಲ್ಲ. "ಪೋಲೆ ಮಾಮಾ," ಅಂತ, ಅಂದರೆ ಪಾಪ ಅಮ್ಮ ಅಂತ, ಮನೇಲಿದ್ದ ನಮ್ಮ ಅತ್ತೆಗೆ ಹೇಳಿಕೊಂಡು, ನನ್ನನ್ನ ಕುರ್ಚಿಯಿಂದ ಎಬ್ಬಿಸಿ ತಾವೇ ಕೂತರು. ಟಿಕೆಟ್: "ಪುಳಿಯೋಗರೆ ಬಂದಿಲ್ಲ. ತೀವ್ರತೆ: ಅತಿ ಹೆಚ್ಚು. ಸಂಬಂಧಪಟ್ಟ ಭಾಗ: ಅತ್ತೆ." ಮ್ಯಾನೇಜರು ಬಗ್ಗಿ ಇನ್ನೊಂದು ಹಾಕಿದರು: "ಮೊಸರನ್ನವೂ ಇಲ್ಲ. ಆಫೀಸಿನಲ್ಲಿ ಕೆಲಸ ನಿಂತಿದೆ." ಇಬ್ಬರೂ ಸೇರಿ ಅತ್ತೆಯ ಬಾಕ್ಸಿನಲ್ಲಿ ಎಂಟು ಅಗತ್ಯ ಬರೆದರು. ಕೆಂಪು ಹೋಗಿ ಹಸಿರಾಯ್ತು. ಎಲ್ಲವೂ ಮೇಲ್‌ನಲ್ಲಿ ಮನೆಗೆ ಹೋಯ್ತು. ಕೊನೆಗೆ "ಇದರಲ್ಲಿ ನೀನೇ ಇಲ್ವಲ್ಲ!" ಅಂತ ಅಳಿಯ ಅನ್ನೋ ಬಾಕ್ಸ್ ಒಂದನ್ನ ಸೇರಿಸಿ ಇಂಜಿನಿಯರಮ್ಮ ಎದ್ದರು.

ಸಂಜೆ ಓಡಿಕೊಂಡು ಮನೆಗೆ ಹೋದೆ. ಸೂಟ್‌ಕೇಸು ಬೀರುವಿನ ಮೇಲೆ ಹತ್ತಿತ್ತು, ಒಳಗೆ ಒಗ್ಗರಣೆ ಸಿಡೀತಿತ್ತು. ಕಾಲಿಗೆ ಬಿದ್ದು, "ತಪ್ಪಾಯ್ತು ಅತ್ತೆ, ನಿಮ್ಮ ಅಡುಗೆ ಬಹಳ ಚೆನ್ನಾಗಿರುತ್ತೆ," ಅಂದೆ.

"ಏಳಿ, ಏಳಿ. ನನ್ನದು ಹಸಿರಾಯ್ತಲ್ಲ," ಅಂದರು ಅತ್ತೆ. "ಈಗ ಕೆಂಪಗಿರೋದು ನಿಮ್ಮ ಬಾಕ್ಸು. ಅಳಿಯ, ಯಾವ ಅಗತ್ಯವೂ ಇಲ್ಲ ಅಂತ ಮೇಲ್ ಬಂದಿದೆ. ಏನಾದ್ರೂ ಒಂದು ಬರಿಯಮ್ಮ ಅಂತ ಮಧ್ಯಾಹ್ನವೇ ನಿಮ್ಮ ಹೆಂಡತಿಗೆ ಹೇಳಿದೆ. ಅವಳು ಇನ್ನೂ ಯೋಚನೆ ಮಾಡ್ತಾ ಇದಾಳೆ."