ಹೊಗೆ ಬೇಕೆಂದ ಅಜ್ಜಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಹೇಳಲು ಬರುವುದಿಲ್ಲ. ನಗು ಬರುವ ಜಾಗಕ್ಕೆ ತಲುಪುವ ಹೊತ್ತಿಗೆ ನಾನು ಕಾರ್ಬೊರೇಟರ್ ವಿವರಿಸುತ್ತಿರುತ್ತೇನೆ, ಕೇಳುವವರು ಎದ್ದು ಹೋಗಿರುತ್ತಾರೆ. ಆದರೂ ಹಳೇಬೀಡಿನಲ್ಲಿ ಸಣ್ಣ ಎಂಜಿನ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಹುಲ್ಲು ಕತ್ತರಿಸುವ ಮಿಷನ್ನು, ಪಂಪು, ಯಾವುದೇ ಇರಲಿ, ತರುವವರೆಲ್ಲ ಹೇಳುವುದು ಒಂದೇ ಮಾತು: ಹೊಗೆ ಬರುತ್ತಿದೆ. ಈ ಹೊಗೆಯಿಂದಲೇ ನನ್ನ ಮದುವೆ ಮುರಿದುಬೀಳುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ನೀವು ಓದುವುದಿಲ್ಲ.

ಗಾಣದ ಎಣ್ಣೆ

ಗಂಡಸಿ ಊರ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಕಳೆ ಕೊಚ್ಚುವ ಮಿಷನ್ ತಂದರು. ಇದರ ಪೆಟ್ರೋಲಿಗೆ ಒಂದಿಷ್ಟು ಎಂಜಿನ್ ಎಣ್ಣೆ ಬೆರೆಸಬೇಕು. ಅದಕ್ಕೆಂದೇ ಬೇರೆ ಎಣ್ಣೆ ಬರುತ್ತದೆ, ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಗ್ಗ ಎಳೆದೆ. ದಟ್ಟ ಹೊಗೆ ರಸ್ತೆ ದಾಟಿ ಬಸ್ಸಿಗೆ ಕಾಯುತ್ತಿದ್ದವರ ಕಡೆ ಹೋಯಿತು. ಅವರಲ್ಲೊಬ್ಬ, "ಬೋಂಡ ಬಿಸಿ ಐತೇನಣ್ಣಾ?" ಎಂದು ಕೇಳಿದ.

ಟ್ಯಾಂಕ್ ಮೂಸಿ ನೋಡಿದರೆ ಕೊಬ್ಬರಿ ಎಣ್ಣೆ!

"ಅಂಗಡೀದೆಲ್ಲ ಕಲಬೆರಕೆ ಕಣಯ್ಯ. ಇದು ನಮ್ದೇ ಗಾಣದ್ದು," ಎಂದರು ಯಜಮಾನರು.

"ಅದು ತಲೆಗೆ ಹಚ್ಕೊಳ್ಳೋದಲ್ವಾ ಯಜಮಾನ್ರೇ?"

ಅವರು ಪೇಟ ತೆಗೆದು ತಲೆ ತೋರಿಸಿದರು. ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು. "ಇಲ್ಲಿಗೆ ಹಚ್ಚಿ ಏನೂ ಬರ್ಲಿಲ್ಲ. ಮಿಷನ್ನಿಗಾದ್ರೂ ಆಗ್ಲಿ ಅಂತ."

ಧೂಪ

ಬೇಲೂರಿನ ಒಂದು ಲಾಡ್ಜಿನ ಮಾಲಿ ಆಯುಧಪೂಜೆಗೆಂದು ಹುಲ್ಲಿನ ಮಿಷನ್ನನ್ನು ತಲೆಕೆಳಗು ಮಾಡಿ ಚೆನ್ನಾಗಿ ಉಜ್ಜಿ ತೊಳೆದ. ಹಾಗೆ ಮಗುಚಿದರೆ ಕೆಳಗಿರಬೇಕಾದ ಎಣ್ಣೆ ಸಿಲಿಂಡರಿಗೆ ನುಗ್ಗುತ್ತದೆ, ಅದು ಉರಿದು ಮುಗಿಯುವತನಕ ಬಿಳಿ ಹೊಗೆ. ಮಾರನೇ ದಿನ ಶುರು ಮಾಡಿದಾಗ ಲಾಡ್ಜೇ ಕಾಣದಂತಾಯಿತಂತೆ. ನಾನು ಹೋಗುವಷ್ಟರಲ್ಲಿ ಮ್ಯಾನೇಜರ್ ಕೆಮ್ಮುತ್ತ ಬೈಯುತ್ತಿದ್ದರು. ಮಾಲಿ ಕೈಮುಗಿದು ನಿಂತಿದ್ದ:

"ಬಿಡಿ ಸಾರ್. ನಿನ್ನೆ ನಾವು ಅದಕ್ಕೆ ಪೂಜೆ ಮಾಡಿದ್ವಿ. ಇವತ್ತು ಅದು ನಮಗೆ ಧೂಪ ಹಾಕ್ತೈತೆ."

ಹಗರೆಯ ಹೆಣ್ಣು

ಈಗ ನನ್ನದು. ಹಗರೆಗೆ ಹೆಣ್ಣು ನೋಡಲು ಹೋಗಿದ್ದೆ. ಉಪ್ಪಿಟ್ಟು ತಿನ್ನುವಾಗ ಹುಡುಗಿಯ ಅಪ್ಪ ನನ್ನ ಉಗುರಿನ ಮಸಿಯನ್ನೇ ನೋಡುತ್ತಿದ್ದರು. ಕೊನೆಗೆ, "ಹಿತ್ತಲಲ್ಲಿ ಮೇವು ಕತ್ತರಿಸೋ ಎಂಜಿನ್ ಐತೆ. ಬರೀ ಹೊಗೆ, ಪೆಟ್ರೋಲ್ ಕುಡೀತೈತೆ. ಅದನ್ನ ಸರಿ ಮಾಡಪ್ಪ, ಆಮೇಲೆ ಮಾತು," ಎಂದರು.

ಹೊಸ ಅಂಗಿಯಲ್ಲೇ ಕೂತೆ. ಗಾಳಿ ಸೋಸುವ ಸ್ಪಂಜಿನಲ್ಲಿ ಹುಲ್ಲಿನ ಧೂಳು ಗಟ್ಟಿಯಾಗಿ ಕೂತಿತ್ತು. ಗಾಳಿ ಸಾಲದಿದ್ದರೆ ಕಪ್ಪು ಹೊಗೆ, ಅಷ್ಟೇ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿದೆ. ಹೊಗೆ ಮಾಯ. ತಿರುಗಿ ನೋಡಿದರೆ, ಯಾರೂ ಹೇಳದಿದ್ದರೂ ಆ ಹುಡುಗಿ ಕೈ ತೊಳೆಯಲು ಸೀಗೆಪುಡಿ, ಬಿಸಿನೀರು ತಂದಿಟ್ಟಿದ್ದಳು. ನನಗೆ ಬೇರೇನೂ ನೋಡಬೇಕಾಗಿರಲಿಲ್ಲ.

ಮಾರನೇ ಬೆಳಿಗ್ಗೆ ಅವಳ ಅಪ್ಪನ ಫೋನು. "ನಮ್ಮವ್ವ ಬೇಡ ಅಂತಾವ್ಳೆ ಕಣಪ್ಪ."

ಅವರವ್ವ ಎಂದರೆ ಹುಡುಗಿಯ ಅಜ್ಜಿ. ಆ ಮನೆಯಲ್ಲಿ ಅಜ್ಜಿಯ ಮಾತು ಮೀರುವವರಿಲ್ಲ. ಮೊದಲ ಬಸ್ಸಿಗೇ ಹಗರೆಗೆ ಓಡಿದೆ. ಅಜ್ಜಿ ಕೊಟ್ಟಿಗೆ ಮುಂದೆ ಕೂತಿದ್ದರು.

"ಬಂದ್ಯಾ? ಹೊಗೆ ಕಿತ್ಕೊಂಡು ಹೋದೋನು ನೀನೇ ಅಲ್ವಾ? ದಿನಾ ಸಂಜೆ ಆ ಹೊಗೆಗೆ ಸೊಳ್ಳೆ ಓಡ್ತಿದ್ವು. ನಿನ್ನೆ ಹೊಗೆ ಇಲ್ದೆ ಹಸ ಒದ್ದು ಹಾಲೆಲ್ಲ ಚೆಲ್ತು. ನನ್ ಸೊಂಟಾನೂ ಹೋಯ್ತು!"

ಮಗನಿಗೆ ಹೊಗೆ ಬೇಡ, ತಾಯಿಗೆ ಹೊಗೆ ಬೇಕು, ನನಗೆ ಹುಡುಗಿ ಬೇಕು. ಎಂಜಿನ್ ಶುರು ಮಾಡಿ ಅಜ್ಜಿಯ ಕೈಯನ್ನು ಚೋಕಿನ ಮೇಲಿಟ್ಟೆ. ಚೋಕ್ ಎಂದರೆ ಗಾಳಿಯ ದಾರಿ ಮುಚ್ಚುವ ಸಣ್ಣ ಹಿಡಿ.

"ಎಳೀರಿ ಅಜ್ಜಿ." ಕಪ್ಪು ಹೊಗೆ ಬಂತು. "ತಳ್ಳಿ." ನಿಂತಿತು.

ಅಜ್ಜಿ ಎಳೆದರು, ತಳ್ಳಿದರು, ಮತ್ತೆ ಎಳೆದರು. ಮಗುವಿನಂತೆ ನಕ್ಕು ಒಳಗೆ ಕೂಗಿದರು: "ಲೋ, ನನ್ ಮಾತೂ ನಡೆಸ್ದ, ನಿನ್ ಮಾತೂ ನಡೆಸ್ದ ಕಣೋ. ಈ ಮನೇಲಿ ಇಷ್ಟು ವರ್ಷ ನನ್ ಕೈಲೇ ಆಗ್ಲಿಲ್ಲ. ಕೊಟ್ಬಿಡು ಹುಡುಗೀನ!"

ಅಜ್ಜಿ ಈಗಿಲ್ಲ. ಮದುವೆಯಾದ ಮೇಲೆ ಪಾತ್ರೆಪಗಡೆ ಜೊತೆ ಆ ಎಂಜಿನ್ನನ್ನೂ ಟೆಂಪೋಗೆ ಹತ್ತಿಸಿ ಕಳಿಸಿದ್ದರು. ಇವತ್ತಿಗೂ ನಮ್ಮ ಹಿತ್ತಲಲ್ಲಿ ಹಾಲು ಕರೆಯುವ ಹೊತ್ತಿಗೆ ನನ್ನ ಹೆಂಡತಿ ಅದರ ಚೋಕ್ ಎಳೆಯುತ್ತಾಳೆ. ಆ ಹೊಗೆ ಮೂಗಿಗೆ ಬಡಿದರೆ ನನಗೆ ಹಗರೆಯ ಕೊಟ್ಟಿಗೆ, ಸೀಗೆಪುಡಿ ಎಲ್ಲ ನೆನಪಾಗುತ್ತದೆ.

ಆದರೆ ನೀವು ಯಾರೂ ಹೀಗೆ ಮಾಡಬೇಡಿ. ಕಾರಣ ಹೇಳುತ್ತೇನೆ. ಚೋಕ್ ಎಳೆದೇ ತುಂಬ ಹೊತ್ತು ಓಡಿಸಿದರೆ ಪ್ಲಗ್ಗಿನ ಮೇಲೆ ಮಸಿ ಕೂರುತ್ತದೆ. ಮಸಿ ಕೂತರೆ ಕಿಡಿ ಹಾರುವುದಿಲ್ಲ. ಕಿಡಿ ಹಾರದಿದ್ದರೆ ಎಂಜಿನ್...

"ರೀ! ಬರ್ದಿದ್ ಸಾಕು, ಬನ್ರೀ ಬೇಗ! ಹೊಗೇನೇ ಬತ್ತಿಲ್ಲ, ಹಸ ಕಾಲೆತ್ತೈತೆ!"