ಸೂಜಿದಿಂಬಿನೊಳಗೆ ಏನಿತ್ತು?

ಅಂಗೈಯಗಲದ ಒಂದು ಸೂಜಿದಿಂಬು ಮಾಡುವುದಕ್ಕೆ ಎಂಥ ಬುದ್ಧಿ ಬೇಕು ಹೇಳಿ! ಬಟ್ಟೆ ಇದೆ, ದಾರ ಇದೆ, ಒಳಗೆ ಏನಾದರೂ ತುಂಬಿದರೆ ಆಯಿತು.

ಭಾನುವಾರ ತರೀಕೆರೆಯಲ್ಲಿ ನನ್ನ ತಮ್ಮನ ಮನೆಯ ಗೃಹಪ್ರವೇಶ. ಬ್ಲೌಸ್ ಹೊಲಿಯಲು ಕೊಟ್ಟಿದ್ದು ಪಕ್ಕದ ಮನೆಯ ಜಯಕ್ಕನಿಗೆ. ಕಡೂರಿನಲ್ಲಿ ಅವಳಷ್ಟು ಚೆನ್ನಾಗಿ ಹೊಲಿಯುವವರೂ ಇಲ್ಲ, ಅವಳಷ್ಟು ಸಲ "ನಾಳೆ ಕೊಡ್ತೀನಿ ಕಣೇ" ಅನ್ನುವವರೂ ಇಲ್ಲ. ಸೂಜಿಗಳನ್ನೆಲ್ಲ ಸೆರಗಿಗೆ ಚುಚ್ಚಿಕೊಂಡು ಒದ್ದಾಡುವ ಅವಳಿಗೆ ಸೂಜಿದಿಂಬೊಂದನ್ನು ಕಾಣಿಕೆಯಾಗಿ ಅರ್ಪಿಸಿ, ಬ್ಲೌಸನ್ನು ಬೇಗ ಪಡೆಯುವುದು ನನ್ನ ರಾಜತಂತ್ರ.

ಮೊದಲು ತೆಂಗಿನ ನಾರು ತುಂಬಿದೆ. ನಮ್ಮೂರಿನಲ್ಲಿ ಅದಕ್ಕೇನು ಬರ! ನಾರು ಸರಿಯಾಗಿ ಒಣಗಿರಲಿಲ್ಲವೋ ಏನೋ, ಸೂಜಿ ತುಕ್ಕು ಹಿಡಿಯಿತು. ಆಮೇಲೆ ರಾಗಿ ತುಂಬಿದೆ. ಬೆಳಗ್ಗೆ ನೋಡಿದರೆ ಇಲಿ ದಿಂಬನ್ನು ಕಚ್ಚಿ ಹರಿದು, ಊಟ ಮುಗಿಸಿ ಹೊರಟುಹೋಗಿತ್ತು.

"ಬರೀ ರಾಗಿ ಯಾಕೆ? ಸಾರೂ ಮಾಡಿಡು," ಅಂದರು ನಮ್ಮ ಯಜಮಾನರು.

ಕೊನೆಗೆ ಮೊಬೈಲಿನಲ್ಲಿ ಒಬ್ಬ ಮಹಾತಾಯಿ ದಾರಿ ತೋರಿಸಿದಳು. ತಲೆಕೂದಲು ತುಂಬಿದರೆ ಎಣ್ಣೆಯ ಪಸೆಗೆ ಸೂಜಿ ತುಕ್ಕು ಹಿಡಿಯುವುದೇ ಇಲ್ಲವಂತೆ! ಕೂದಲಿಗೆ ಪಾತ್ರೆ ಕೊಡುವವನು ಬರಲೆಂದು ಕನ್ನಡಿಯ ಹಿಂದೆ ಕೂಡಿಟ್ಟಿದ್ದ ನನ್ನ ಕೂದಲು ಸಾಲಲಿಲ್ಲ. ಜಯಕ್ಕನ ಸೊಸೆ ರೇಖಾಳನ್ನು ಹಿತ್ತಿಲಿಗೆ ಕರೆದೆ.

"ನಿನ್ ಬಾಚಣಿಗೆ ಕೂದ್ಲು ಒಂದಿಷ್ಟು ಕೊಡೇ. ನಿಮ್ಮತ್ತೆಗೆ ಹೇಳ್ಬೇಡ."

"ಯಾಕ್ ಆಂಟಿ?"

"ಆಮೇಲ್ ಗೊತ್ತಾಗುತ್ತೆ!" ಎಂದು ನಕ್ಕೆ. ಅವಳು ನಗಲಿಲ್ಲ.

ಕೆಂಪು ಬಟ್ಟೆಯಲ್ಲಿ ದುಂಡಗೆ ಹೊಲಿದೆ. ಚೆಂದ ಕಾಣಲೆಂದು ಒಂದಷ್ಟು ಸೂಜಿಗಳನ್ನೂ ಚುಚ್ಚಿದೆ. ಶುಕ್ರವಾರ ಬೆಳಗ್ಗೆ ಹೋದರೆ ಜಯಕ್ಕನ ಮನೆಗೆ ಬೀಗ. ಹೊಸ್ತಿಲ ಮೇಲಿಟ್ಟು ಬಂದೆ. ಅಂದು ಅಮಾವಾಸ್ಯೆ ಎಂಬುದನ್ನು ಮಾತ್ರ ಗಮನಿಸಿರಲಿಲ್ಲ!

ಸ್ವಲ್ಪ ಹೊತ್ತಿಗೆಲ್ಲ ಜಯಕ್ಕನ ಕಿರುಚಾಟ.

"ಅಯ್ಯಯ್ಯೋ, ನಮ್ಮನೆಗೆ ಯಾರೋ ಮಾಟ ಮಾಡಿಸ್ಬಿಟ್ಟವ್ರೆ ಕಣ್ರೋ!"

ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿದೆ. ಇಂಥ ವಿಷಯದಲ್ಲಿ ನನಗೆ ಎದುರುಮನೆಯವರ ಮೇಲೆ ಮೊದಲಿನಿಂದಲೂ ಅನುಮಾನ. ಗುಂಪಿನ ಹಿಂದೆ ನಿಂತು, ಆ ಮನೆಯ ಕಡೆಗೇ ಮುಖ ಮಾಡಿ, "ಯಾರ್ ಮಾಡಿದ್ರೋ ಅವ್ರ ಕೈ ಸೇದೋಗ!" ಎಂದು ಗಟ್ಟಿಯಾಗಿ ಶಪಿಸಿದೆ. ಆಮೇಲೆ ಇಣುಕಿ ನೋಡಿದೆ.

ನನ್ನ ದಿಂಬು!

ಜಯಕ್ಕ ಪೊರಕೆಯ ತುದಿಯಿಂದ ತಿವಿದಿದ್ದಕ್ಕೆ ಹೊಲಿಗೆ ಬಿಚ್ಚಿ ಕೂದಲು ಹೊರಬಂದಿತ್ತು. ರೇಖಾ ಬೆಚ್ಚಿಬಿದ್ದಳು. "ಅತ್ತೆ, ಸರೋಜಾಂಟಿ ಮೊನ್ನೆ ನನ್ ಕೂದ್ಲು ಇಸ್ಕೊಂಡೋಗಿದ್ರು!"

ಇಡೀ ಬೀದಿ ನನ್ನಿಂದ ಹಿಂದಕ್ಕೆ ಸರಿಯಿತು. ನಮ್ಮ ಯಜಮಾನರೂ ಸೇರಿ!

"ಜಯಕ್ಕ, ಅದು ಸೂಜಿದಿಂಬು ಕಣಕ್ಕ! ಸೂಜಿ ತುಕ್ಕು ಹಿಡೀಬಾರ್ದು ಅಂತ ಕೂದ್ಲು ತುಂಬ್ದೆ!"

"ಯಾರಿಗ್ ಹೇಳ್ತೀಯ ಸರೋಜ? ದಿಂಬಿಗೆ ಜನ ಹತ್ತಿ ತುಂಬ್ತಾರೆ," ಅಂದಳು ಜಯಕ್ಕ, ಪೊರಕೆಯನ್ನು ಅಡ್ಡ ಹಿಡಿದು.

ಹತ್ತಿ! ದೇವರಾಣೆ, ಆ ಕ್ಷಣದವರೆಗೂ ನನಗೆ ಅದು ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆ ನಮ್ಮ ಗೇಟಿನಲ್ಲಿ ಬ್ಲೌಸ್ ನೇತಾಡುತ್ತಿತ್ತು. ಹುಕ್ಸ್ ಸಮೇತ! ಮಾತಾಡಿಸಲು ಹೋದರೆ ಜಯಕ್ಕ ಬಾಗಿಲು ತೆಗೆಯಲಿಲ್ಲ. ಇಷ್ಟು ವರ್ಷದ ಗೆಳತಿ ನನಗೆ ಹೆದರಿ ಹೊಲಿದುಕೊಟ್ಟಳಲ್ಲ ಎಂದು ಮನಸ್ಸು ಪಿಚ್ಚೆನ್ನಿಸಿತು. ಹಾಕಿಕೊಂಡು ಹೋದೆ, ಅದು ಬೇರೆ ಮಾತು.

ತರೀಕೆರೆಯಿಂದ ಬಂದ ಸಂಜೆ ಯಾರೋ ಹಿತ್ತಿಲ ಬಾಗಿಲನ್ನು ಮೆಲ್ಲಗೆ ತಟ್ಟಿದರು. ರೇಖಾ! ಪಾಪ, ಅತ್ತೆಗೂ ನನಗೂ ರಾಜಿ ಮಾಡಿಸಲು ಬಂದಿದ್ದಾಳೆಂದು ನನ್ನ ಕಣ್ಣು ತುಂಬಿ ಬಂತು. ಅವಳು ಅತ್ತಿತ್ತ ನೋಡಿ, ಮುಷ್ಟಿ ಬಿಚ್ಚಿ, ನರೆಗೂದಲಿನ ಉಂಡೆಯೊಂದನ್ನು ನನ್ನ ಕೈಗಿಟ್ಟಳು.

"ಅತ್ತೇದು ಆಂಟಿ. ಇನ್ನೊಂದ್ ದಿಂಬು ಹೊಲ್ಕೊಡ್ತೀರಾ?"